ಉಪ್ಪು, ಬಾಯಾರಿಕೆ, ತುರಿಕೆ: ಕಿಡ್ನಿ ಕಾಯಿಲೆಯಲ್ಲಿ ನಾನು ಹೋಲಿಸಿ ನೋಡಿದ ಉಪಾಯಗಳು

ನನ್ನ ಮೂತ್ರಪಿಂಡದ ಕಾಯಿಲೆ ನಾಲ್ಕನೇ ಹಂತದಲ್ಲಿದೆ. ಎಂದರೆ ಸೋಸುವ ಸಾಮರ್ಥ್ಯವನ್ನು ಸೂಚಿಸುವ ಇಜಿಎಫ್‌ಆರ್ ಅಂಕಿ 15ರಿಂದ 29ರ ನಡುವೆ ಇದೆ. ಡಯಾಲಿಸಿಸ್ ಇನ್ನೂ ಆರಂಭವಾಗಿಲ್ಲ. ಕಳೆದ ಎರಡು ವರ್ಷಗಳಲ್ಲಿ ಒಂದೊಂದು ತೊಂದರೆಗೂ ಎರಡೆರಡು ದಾರಿಗಳನ್ನು ಪ್ರಯತ್ನಿಸಿ, ಅಡುಗೆಮನೆಯ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಮೊದಲು ಎಡವಿದ್ದು ಉಪ್ಪಿನಲ್ಲಿ. ಕಡಿಮೆ ಸೋಡಿಯಂ ಇರುವ ಉಪ್ಪಿನ ಪೊಟ್ಟಣ ತಂದಾಗ, ರುಚಿಯನ್ನು ಬಿಡದೆಯೇ ಪಥ್ಯವನ್ನು ಗೆದ್ದೆನೆಂದು ಬೀಗಿದ್ದೆ. ಅದರಲ್ಲಿ ಸೋಡಿಯಂನ ಒಂದು ಪಾಲಿನ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆಂಬುದನ್ನು ಪೊಟ್ಟಣದ ಹಿಂಬದಿಯಲ್ಲಿ ಓದಿದ್ದು, ರಕ್ತದ ಪೊಟ್ಯಾಸಿಯಂ 5.7ಕ್ಕೆ ಏರಿದ ವರದಿ ಕೈಗೆ ಬಂದ ಮೇಲೆ. ದುರ್ಬಲಗೊಂಡ ಕಿಡ್ನಿ ಪೊಟ್ಯಾಸಿಯಂ ಅನ್ನು ಬೇಗ ಹೊರಹಾಕಲಾರದು, ಅದು ಮಿತಿಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಈಗ ಸಾಮಾನ್ಯ ಉಪ್ಪನ್ನೇ ಬಳಸುತ್ತೇನೆ, ಆದರೆ ಅಳೆದು. ದಿನಕ್ಕೆ ಒಟ್ಟು 5 ಗ್ರಾಂ ಮಿತಿ. ಬ್ರೆಡ್ಡು, ಪೊಟ್ಟಣದ ತಿಂಡಿಗಳಲ್ಲಿ ಅಡಗಿರುವುದನ್ನು ಕಳೆದು, ಬೆಳಿಗ್ಗೆ 3 ಗ್ರಾಂ ಮಾತ್ರ ಸಣ್ಣ ಡಬ್ಬಿಗೆ ಹಾಕಿಡುತ್ತೇನೆ. ಸಂಜೆಯೊಳಗೆ ಡಬ್ಬಿ ಖಾಲಿಯಾದರೆ ರಾತ್ರಿಯ ಊಟ ಸಪ್ಪೆ. ಮೊದಲ ಮೂರು ವಾರ ಊಟವೆಂದರೆ ಬೇಸರವಾಗುತ್ತಿತ್ತು. ಆಮೇಲೆ ನಾಲಿಗೆಯೇ ಒಗ್ಗಿಕೊಂಡಿತು.

ಆಲೂಗಡ್ಡೆಯ ವಿಚಾರದಲ್ಲಿ ರಾತ್ರಿಯಿಡೀ ನೀರಿನಲ್ಲಿ ನೆನೆಸುವುದನ್ನೂ ಎರಡು ಬಾರಿ ಬೇಯಿಸುವುದನ್ನೂ ಹೋಲಿಸಿದೆ. ನೆನೆಸಿದ ಆಲೂಗಡ್ಡೆ ರುಚಿಯಲ್ಲಿ ಗೆಲ್ಲುತ್ತದೆ, ಆದರೆ ಅದು ಗೆಲ್ಲುವುದು ಪೊಟ್ಯಾಸಿಯಂ ಬಹುಪಾಲು ಒಳಗೇ ಉಳಿದಿರುವಾಗ. ಜೀವಕೋಶಗಳ ಒಳಗಿರುವ ಪೊಟ್ಯಾಸಿಯಂ, ಶಾಖಕ್ಕೆ ಕೋಶಗಳು ಒಡೆಯದ ಹೊರತು ಸುಲಭವಾಗಿ ನೀರಿಗೆ ಇಳಿಯುವುದಿಲ್ಲ. ಸಿಪ್ಪೆ ತೆಗೆದು, ಚಿಕ್ಕ ಹೋಳು ಮಾಡಿ, ಧಾರಾಳ ನೀರಿನಲ್ಲಿ ಕುದಿಸಿ, ಆ ಮಬ್ಬು ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮತ್ತೆ ಬೇಯಿಸುವುದೇ ಸರಿಯಾದ ಕ್ರಮ. ಹೋಳುಗಳು ಮೆತ್ತಗಾಗಿ ಕದಡಿಹೋಗುತ್ತವೆ, ನಿಜ. ಒಂದೇ ತರಕಾರಿಯ ಪರಿಣಾಮವನ್ನು ನನ್ನ ರಕ್ತಪರೀಕ್ಷೆ ಬೇರ್ಪಡಿಸಿ ತೋರಿಸಲಾರದಾದ್ದರಿಂದ, ಈ ತೀರ್ಪನ್ನು ಕಾರಣ ತಿಳಿದು ಕೊಟ್ಟಿದ್ದೇನೆಯೇ ಹೊರತು ವರದಿ ನೋಡಿ ಅಲ್ಲ.

ಕಾಲು ಬಾತುಕೊಂಡಾಗ ವೈದ್ಯರು ದ್ರವವನ್ನು ದಿನಕ್ಕೆ 1.2 ಲೀಟರಿಗೆ ಇಳಿಸಿದರು. (ಎಲ್ಲರಿಗೂ ಈ ಮಿತಿ ಇರುವುದಿಲ್ಲ, ಕೆಲವರಿಗೆ ನೀರು ಕಡಿಮೆ ಮಾಡುವುದೇ ಹಾನಿ.) ಬಾಯಾರಿಕೆಗೆ ಮಂಜುಗಡ್ಡೆ ಚೀಪುವುದು ಒಂದು ದಾರಿ, ಅಳತೆಯ ಬಾಟಲಿಯಿಂದ ಗುಟುಕು ಗುಟುಕಾಗಿ ಕುಡಿಯುವುದು ಇನ್ನೊಂದು. ಮಂಜುಗಡ್ಡೆ ಬಾಯಿಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ತೃಪ್ತಿಯೂ ಹೆಚ್ಚು. ಆದರೆ ಅದನ್ನು ನಾನು ನೀರೆಂದು ಎಣಿಸುತ್ತಿರಲಿಲ್ಲ. ಒಂದು ತುಂಡನ್ನು ಲೋಟದಲ್ಲಿ ಕರಗಿಸಿ ಅಳೆದಾಗ 20 ಮಿಲಿಲೀಟರ್ ಬಂತು. ದಿನಕ್ಕೆ ಹತ್ತು ತುಂಡು ಚೀಪುತ್ತಿದ್ದವನು ಲೆಕ್ಕಕ್ಕೆ ಸಿಗದೆ 200 ಮಿಲಿಲೀಟರ್ ಕುಡಿಯುತ್ತಿದ್ದೆ. ಈಗ ದಿನಕ್ಕೆ ಐದೇ ತುಂಡು, ಬೆಳಿಗ್ಗೆ ಬಾಟಲಿ ತುಂಬುವಾಗಲೇ ಅಷ್ಟು ನೀರು ಕಡಿಮೆ ಹಾಕುತ್ತೇನೆ. ಇವೆರಡಕ್ಕಿಂತಲೂ ಬಾಯಾರಿಕೆಯನ್ನು ತಗ್ಗಿಸಿದ್ದು ಆ ಉಪ್ಪಿನ ಡಬ್ಬಿ.

ತುರಿಕೆಗೆ ಅಲರ್ಜಿಯ ಮಾತ್ರೆ ನುಂಗಿದರೆ ನಿದ್ದೆ ಬರುತ್ತಿತ್ತು, ತುರಿಕೆ ಹೋಗುತ್ತಿರಲಿಲ್ಲ. ಬಿಸಿನೀರಿನ ಬದಲು ಉಗುರುಬೆಚ್ಚನೆಯ ನೀರಿನಲ್ಲಿ ಸ್ನಾನ ಮಾಡಿ, ಮೈಯ ತೇವ ಆರುವ ಮೊದಲೇ ಪರಿಮಳವಿಲ್ಲದ ಮಾಯಿಶ್ಚರೈಸರ್ ಹಚ್ಚಿಕೊಳ್ಳುವುದು ಹೆಚ್ಚು ಫಲ ಕೊಟ್ಟಿತು. ರಕ್ತದಲ್ಲಿ ತುರಿಕೆಗೂ ಕಾರಣವಾಗಬಲ್ಲ ರಂಜಕ (ಫಾಸ್ಫರಸ್) ಹೆಚ್ಚಿದ್ದಕ್ಕೆ ಬರೆದುಕೊಟ್ಟ ಕ್ಯಾಲ್ಸಿಯಂ ಅಸಿಟೇಟ್ ಮಾತ್ರೆಯನ್ನು ಊಟವಾಗಿ ಗಂಟೆಯ ಮೇಲೆ ನುಂಗುತ್ತಿದ್ದ ತಪ್ಪನ್ನೂ ಆಗಲೇ ತಿದ್ದಿಕೊಂಡೆ. ಅದು ಹೊಟ್ಟೆಯಲ್ಲಿ ಆಹಾರದ ರಂಜಕವನ್ನು ಹಿಡಿಯುವ ಮಾತ್ರೆಯಾದ್ದರಿಂದ ಊಟದ ಜೊತೆಗೇ ಹೋಗಬೇಕು.

ಆ ಮಾತ್ರೆಯಿಂದ ಮಲಬದ್ಧತೆ ಬಂತು. ಇಸಬಗೋಲು ಚೆನ್ನಾಗಿ ಕೆಲಸ ಮಾಡಬೇಕಾದರೆ ಸಾಕಷ್ಟು ನೀರು ಕುಡಿಯಬೇಕು, ನನ್ನ ಬಾಟಲಿಯಲ್ಲಿ ಅಷ್ಟು ಉಳಿತಾಯವಿಲ್ಲ. ವೈದ್ಯರು ಸೂಚಿಸಿದ ಲ್ಯಾಕ್ಟುಲೋಸ್ ಸಿರಪ್ ಗೆದ್ದಿತು, ವಿಪರೀತ ಸಿಹಿಯಾದರೂ. ಮೆಗ್ನೀಸಿಯಂ ಇರುವ ಭೇದಿ ಔಷಧಿಗಳನ್ನು ಈ ಹೋಲಿಕೆಗೆ ಸೇರಿಸಲೇ ಇಲ್ಲ, ಏಕೆಂದರೆ ಮೆಗ್ನೀಸಿಯಂ ಕೂಡ ನಮ್ಮ ದೇಹದಲ್ಲಿ ಉಳಿದುಬಿಡುತ್ತದೆ.

ನೋವಿನ ಮಾತ್ರೆಯಲ್ಲಿ ಸ್ಪರ್ಧೆಯೇ ಇಲ್ಲ: ಐಬುಪ್ರೊಫೆನ್, ಡೈಕ್ಲೊಫೆನಾಕ್ ಕಿಡ್ನಿಗೆ ಹರಿಯುವ ರಕ್ತವನ್ನೇ ಕಡಿಮೆ ಮಾಡುತ್ತವೆ, ಹಾಗಾಗಿ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್. ರಾತ್ರಿ ಮೀನಖಂಡ ಹಿಡಿದುಕೊಂಡಾಗ ಮಾತ್ರ ಯಾವ ಮಾತ್ರೆಯೂ ಬೇಡ. ಕಾಲನ್ನು ನೇರವಾಗಿ ಚಾಚಿ, ಹೆಬ್ಬೆರಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿದರೆ, ಮೂವತ್ತು ಎಣಿಸುವಷ್ಟರಲ್ಲಿ ಗಂಟು ಸಡಿಲುತ್ತದೆ.