ಲೇಸರ್ ವೆಲ್ಡಿಂಗ್ ನಿಗಾ ಘಟಕ: ತೀರ್ಪಿಗಿಂತ ಗೆರೆಗಳೇ ವಾಸಿ

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ವರ್ಕ್‌ಶಾಪಿನಲ್ಲಿ ತೊಗರಿ ಬೇಳೆ ಮಿಲ್ಲುಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಹಾಪರ್‌ಗಳನ್ನು, ಅಂದರೆ ಕಾಳು ಸುರಿಯುವ ಆಲಿಕೆಯಂಥ ತೊಟ್ಟಿಗಳನ್ನು, ತಯಾರಿಸುತ್ತೇವೆ. ಬೆಸುಗೆ ಹಾಕುವಾಗಲೇ ಅದರಿಂದ ಬರುವ ಬೆಳಕನ್ನು ಅಳೆದು ಸರಿಯೋ ದೋಷವೋ ಎಂದು ತೀರ್ಪು ಹೇಳುವ, ದೋಷವೆನಿಸಿದರೆ ಕೆಂಪು ದೀಪ ಹೊತ್ತಿಸುವ ಈ ನಿಗಾ ಘಟಕವನ್ನು ಅಲ್ಲಿನ ಲೇಸರ್ ವೆಲ್ಡಿಂಗ್ ಹೆಡ್‌ಗೆ ಕೂರಿಸಿ ವರ್ಷ ದಾಟಿದೆ. ಕಂಪನಿಯ ವಿವರಪಟ್ಟಿಯನ್ನು ನೀವು ನೋಡಿಯೇ ಇರುತ್ತೀರಿ. ಅದರಲ್ಲಿ ಇಲ್ಲದಿರುವುದು ಕೆಂಪು ದೀಪದ ಕಾಟ.

ಶೀಟಿನ ಹೊಸ ಲಾಟ್ ಬಂತೆಂದರೆ ಆ ದೀಪ ಆರುವುದೇ ಇಲ್ಲ. ದರ್ಜೆ ಅದೇ 304, ದಪ್ಪವೂ ಅದೇ. ಆದರೆ ಮೇಲ್ಮೈಯ ಹೊಳಪು ತುಸು ಬೇರೆಯಾದರೂ ಪ್ರತಿಫಲಿಸಿ ಬರುವ ಲೇಸರ್ ಬೆಳಕು ಬದಲಾಗುತ್ತದೆ, ಹಳೆಯ ಲಾಟಿನಿಂದ ಕಲಿತ ಮಷಿನ್ ಲರ್ನಿಂಗ್ ಮಾದರಿ ಅದನ್ನೇ ದೋಷವೆಂದು ಬಗೆಯುತ್ತದೆ. ಅಂಥ ಬೆಸುಗೆಯನ್ನು ಅಡ್ಡಕ್ಕೆ ಕತ್ತರಿಸಿ, ಪಾಲಿಶ್ ಮಾಡಿ, ಆಸಿಡ್ ಸವರಿ ನೋಡಿದರೆ ಆಳವೂ ಸರಿ, ಒಳಗೆ ರಂಧ್ರವೂ ಇಲ್ಲ. ಮತ್ತೆ ಕಲಿಸಲು ಒಳ್ಳೆಯ ಬೆಸುಗೆಗಳ ಜೊತೆಗೆ ಕೆಟ್ಟವೂ ಬೇಕಂತೆ. ಕೆಡಿಸಲೆಂದೇ ಶೀಟು ಖರೀದಿಸುವಷ್ಟು ಲಾಭ ನಮ್ಮ ಕಸುಬಿನಲ್ಲಿಲ್ಲ. ಮಾರಿದವರನ್ನು ಕೇಳಿದರೆ ವಾರ್ಷಿಕ ಸೇವಾ ಒಪ್ಪಂದ ಮಾಡಿಕೊಳ್ಳಿ ಎನ್ನುತ್ತಾರೆ, ಅದರ ಮೊತ್ತದಲ್ಲಿ ಒಬ್ಬ ಹೆಲ್ಪರ್‌ನನ್ನೇ ಇಟ್ಟುಕೊಳ್ಳಬಹುದು.

ಹೀಗಿದ್ದರೂ ಇದನ್ನು ಬಿಚ್ಚಿಡುವ ಮನಸ್ಸು ಬಂದಿಲ್ಲ. ಒಳಗಿರುವ ಮೂರು ಫೋಟೋಡಯೋಡ್‌ಗಳಲ್ಲಿ (ಬೆಳಕು ಅಳೆಯುವ ಸೆನ್ಸರ್‌ಗಳಲ್ಲಿ) ಒಂದು ಬೆಸುಗೆಯ ಮೇಲೇಳುವ ಆವಿಯ ಹೊಳಪನ್ನೂ, ಇನ್ನೊಂದು 1070 ನ್ಯಾನೋಮೀಟರ್ ಆಸುಪಾಸಿನ ಪ್ರತಿಫಲಿತ ಲೇಸರನ್ನೂ, ಮೂರನೆಯದು ಕರಗಿದ ಲೋಹದ ಅವಗೆಂಪು ಕಿರಣವನ್ನೂ ಅಳೆದು ಪರದೆಯ ಮೇಲೆ ಮೂರು ಗೆರೆ ಎಳೆಯುತ್ತವೆ. ದಿನಾ ಬೆಳಿಗ್ಗೆ ನಮ್ಮ ವೆಲ್ಡರ್ ಹೆಡ್‌ನ ಲೆನ್ಸ್ ಕಾಯುವ ಪ್ರೊಟೆಕ್ಷನ್ ಗ್ಲಾಸನ್ನು ಹೊರತೆಗೆದು, ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು ನೋಡಿ, ನೂಲು ಬಿಡದ ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹನಿಸಿ ಒಂದೇ ದಿಕ್ಕಿಗೆ ಒರೆಸುತ್ತಾರೆ. ಆಮೇಲೆ ಚೂರು ಶೀಟಿನ ಮೇಲೆ ಒಂದು ಗೇಣು ಬೆಸುಗೆ ಹಾಕಿ, ಇಂದಿನ ಗೆರೆಗಳನ್ನು ನಿನ್ನೆಯ ಗೆರೆಗಳ ಮೇಲೆ ಇಟ್ಟು ನೋಡುತ್ತಾರೆ. ಗೆರೆಗಳು ದಿನದಿಂದ ದಿನಕ್ಕೆ ಮೆಲ್ಲಗೆ ಸರಿಯುತ್ತಿದ್ದರೆ ಸಾಮಾನ್ಯವಾಗಿ ಗ್ಲಾಸ್ ಬದಲಿಸುವ ಹೊತ್ತಾಯಿತೆಂದು ಅರ್ಥ. ಒಂದೇ ಜಾಗದಲ್ಲಿ ಥಟ್ಟನೆ ಕದಡಿದರೆ ಹೆಚ್ಚಾಗಿ ಅಲ್ಲಿ ಎರಡು ಶೀಟುಗಳ ನಡುವೆ ಸಂದಿ ಬಿಟ್ಟಿರುತ್ತದೆ.

ಈ ಸಂದಿಯೇ ನಮಗೆ ದೊಡ್ಡ ತಲೆನೋವಾಗಿತ್ತು. ಮೇಲಿನಿಂದ ನೋಡಿದರೆ ಅಂದವಾದ ಬೆಸುಗೆ, ಕೆಳಗಿನ ಶೀಟಿಗೆ ಮಾತ್ರ ಕೂಡಿಕೊಂಡೇ ಇರುವುದಿಲ್ಲ. ಬಿರುಕು ಹುಡುಕುವ ಬಣ್ಣದ ದ್ರವ ಡೈ ಪೆನಿಟ್ರಂಟ್ ಹಚ್ಚಿದರೆ ಮೇಲ್ಮೈಗೆ ಬಾಯಿ ತೆರೆದ ಬಿರುಕಷ್ಟೇ ಕಾಣುವುದರಿಂದ, ಹಾಪರ್ ಮಿಲ್ಲಿಗೆ ಹೋಗಿ ನಡುಗಲು ಶುರುವಾದ ಮೇಲೆಯೇ ದೂರು ಬರುತ್ತಿತ್ತು. ಈಗ ಕ್ಲಾಂಪ್ ಬಿಚ್ಚುವ ಮೊದಲೇ ಆ ಜಾಗಕ್ಕೆ ಚಾಕ್‌ನಿಂದ ಗುರುತು ಹಾಕುತ್ತೇವೆ.

ಮೇ ತಿಂಗಳ ಬಿಸಿಲಿಗೆ ಇದರ ಕಂಪ್ಯೂಟರ್ ಪೆಟ್ಟಿಗೆ ಆಗಾಗ ನಿಂತುಹೋಗುತ್ತದೆ. ಟೇಬಲ್ ಫ್ಯಾನ್ ಇಟ್ಟ ಮೇಲೆ ಪರವಾಗಿಲ್ಲ.

ಒಂದೇ ಭಾಗವನ್ನು ತಿಂಗಳುಗಟ್ಟಲೆ ಬೆಸೆಯುವ ದೊಡ್ಡ ಕಾರ್ಖಾನೆಯವರು ಪೂರ್ತಿ ಘಟಕವನ್ನು ಕೊಳ್ಳಬಹುದು. ನಮ್ಮಂತೆ ಸಿಕ್ಕ ಲಾಟಿನಲ್ಲಿ ಕೆಲಸ ನಡೆಸುವವರು ತೀರ್ಪು ಹೇಳುವ ಭಾಗ ಬಿಟ್ಟು ಸೆನ್ಸರ್ ಮತ್ತು ಪರದೆಯನ್ನಷ್ಟೇ ಬಿಡಿಯಾಗಿ ಕೊಡುತ್ತಾರೆಯೇ ಎಂದು ಮೊದಲು ಕೇಳಿ ನೋಡಿ. ನನ್ನ ಲೆಕ್ಕದಲ್ಲಿ ಈ ಘಟಕಕ್ಕೆ ಐದಕ್ಕೆ ಮೂರು ಅಂಕ. ಸೇವಾ ಒಪ್ಪಂದಕ್ಕೆ ನಾನಂತೂ ಸಹಿ ಹಾಕುವುದಿಲ್ಲ.