ಒಣಮೇವಿಗೆ ಆರ್‌ಎಲ್-88 ಕುದುರೆ ಮೆಂತೆ: ಪುಣೆ ಕಡೆಯ ಹೊಲಗಳಲ್ಲಿ ಹಲವು ವರ್ಷ ಬಳಸಿದ ಮೇಲೆ

ದೌಂಡ್, ಶಿರೂರು, ಬಾರಾಮತಿ ಕಡೆ ಹೈನುಗಾರಿಕೆ ಮಾಡುವ ನಮ್ಮ ಕನ್ನಡದವರು ಕುದುರೆ ಮೆಂತೆ (ಲೂಸರ್ನ್) ಮೇವಿನ ಬೀಜ ಕೊಳ್ಳುವಾಗ ಮೊದಲು ಕೇಳುವುದು, ಎಕರೆಗೆ ಹಸಿ ಎಷ್ಟು ಟನ್ ಅಂತ. ಕೊಯ್ದು ಅಂದಂದೇ ಹಾಕುವವರಿಗೆ ಆ ಲೆಕ್ಕ ಸಾಕು. ಒಣಗಿಸಿ ಬೇಲ್ (ಒತ್ತಿ ಕಟ್ಟಿದ ಪಿಂಡಿ) ಕಟ್ಟುವವರು ಎಲೆ ಎಷ್ಟಿದೆ, ಕಾಂಡ ಎಷ್ಟು ಸಣ್ಣಗಿದೆ ಅಂತ ನೋಡಬೇಕು. ಪ್ರೋಟೀನಿನ ಸುಮಾರು ಮೂರರಲ್ಲಿ ಎರಡು ಪಾಲು ಎಲೆಯಲ್ಲೇ ಇರುತ್ತದೆ. ದಪ್ಪ ಕಾಂಡ ಒಣಗುವಷ್ಟರಲ್ಲಿ ಆ ಎಲೆ ಪುಡಿಯಾಗಿ ಉದುರಿರುತ್ತದೆ.

ಆರ್‌ಎಲ್-88 ರಾಹುರಿಯ ಮಹಾತ್ಮ ಫುಲೆ ಕೃಷಿ ವಿದ್ಯಾಪೀಠದ ಬಹುವಾರ್ಷಿಕ ತಳಿ. ಪುಣೆ ಸೀಮೆಗೆ ನಮ್ಮ ಮೊದಲ ಆಯ್ಕೆ ಇದೇ. ಕೊಯ್ದ ಮೇಲೆ 25ರಿಂದ 30 ದಿನಕ್ಕೆ ಮತ್ತೆ ಕೊಯ್ಲಿಗೆ ಬರುತ್ತದೆ. ಗುಜರಾತಿನ ಆನಂದ್-2 ಕೂಡ ಒಳ್ಳೆಯದೇ. ಎರಡರಲ್ಲಿ ಯಾವುದರ ತಾಜಾ, ಪ್ರಮಾಣಿತ ಬೀಜ ಸಿಗುತ್ತದೋ ಅದನ್ನು ತನ್ನಿ. ವಿದೇಶಿ ತಳಿ ಕೊಳ್ಳುವವರು ಚೀಲದ ಮೇಲಿನ ಚಳಿಗಾಲದ ಸುಪ್ತಾವಸ್ಥೆಯ ಅಂಕಿ ಓದಲೇಬೇಕು; ಅಂಕಿ ಕಡಿಮೆಯಾದಷ್ಟೂ ಚಳಿಗಾಲದಲ್ಲಿ ಬೆಳೆಯುವುದು ಕಡಿಮೆ. 4ರ ಆಸುಪಾಸಿನ ತಳಿ ಹಗಲು ಚಿಕ್ಕದಾದಂತೆ ಬೆಳವಣಿಗೆ ನಿಧಾನಿಸುತ್ತದೆ. ನಮ್ಮಲ್ಲಿ ಒಣಗಿಸಲು ಹವೆ ಅನುಕೂಲವಾಗಿರುವ ತಿಂಗಳುಗಳೂ ಅವೇ! 8ರಿಂದ 10ರೊಳಗಿನದು ಬೇಕು. ಗೋವಾ, ಕೊಂಕಣದ ಹುಳಿ ಜಂಬಿಟ್ಟಿಗೆ ಮಣ್ಣಿಗೆ ಯಾವ ತಳಿಯನ್ನೂ ಶಿಫಾರಸು ಮಾಡುವುದಿಲ್ಲ.

ಸಂತೆಯಲ್ಲಿ ಸಿಗುವ ಬಿಡಿ 'ಲಸೂಣ್ ಘಾಸ್' (ಕುದುರೆ ಮೆಂತೆಗೆ ಇಲ್ಲಿನ ಮರಾಠಿ ಹೆಸರು) ಬೀಜ ಅಗ್ಗ. ಆದರೆ ಅದರ ಜೊತೆ ಇಲ್ಲಿನವರು ಅಮರವೇಲ್ ಅನ್ನುವ, ಹಳದಿ ದಾರದಂಥ ಪರಾವಲಂಬಿ ಬಳ್ಳಿಯ ಬೀಜವೂ ಬರುತ್ತದೆ. 10 ಲೀಟರ್ ನೀರಿಗೆ 1 ಕಿಲೋ ಉಪ್ಪು ಕರಗಿಸಿ ಬೀಜ ಸುರಿದರೆ ಹಗುರವಾದದ್ದು ತೇಲುತ್ತದೆ, ತೆಗೆದು ಎಸೆಯಿರಿ. ಉಳಿದದ್ದನ್ನು ಎರಡು ಮೂರು ನೀರಲ್ಲಿ ತೊಳೆದ ಮೇಲೇ ರೈಝೋಬಿಯಂ (ಬೇರಿನ ಗಂಟಿನಲ್ಲಿ ಸಾರಜನಕ ಕೂಡಿಡುವ ಅಣುಜೀವಿ) ಹಚ್ಚಬೇಕು. ಉಪ್ಪು ಉಳಿದರೆ ಅದು ಸಾಯುತ್ತದೆ. ಭಾರದ ಕಳೆಬೀಜ ಇದರಲ್ಲೂ ತಪ್ಪಿಸಿಕೊಳ್ಳುತ್ತದೆ. ಹೊಲದಲ್ಲಿ ಹಳದಿ ತೇಪೆ ಕಂಡ ಕೂಡಲೇ, ಬಳ್ಳಿ ಹೂಬಿಡುವ ಮೊದಲೇ, ಬೆಳೆಸಮೇತ ನೆಲಮಟ್ಟಕ್ಕೆ ಕೊಯ್ದು ಅಲ್ಲೇ ಸುಡಿ. ಎಳೆದಾಡಿದರೆ ಬಳ್ಳಿಯ ತುಂಡು ಬಿದ್ದಲ್ಲೆಲ್ಲ ಮತ್ತೆ ಹತ್ತಿಕೊಳ್ಳುತ್ತದೆ.

ಬಿತ್ತನೆ ಅಕ್ಟೋಬರ್–ನವೆಂಬರ್‌ನಲ್ಲಿ, ಎಕರೆಗೆ 8ರಿಂದ 10 ಕಿಲೋ, ಸಾಲಿನಿಂದ ಸಾಲಿಗೆ 30 ಸೆಂ.ಮೀ., ಆಳ 1ರಿಂದ 2 ಸೆಂ.ಮೀ. ಮೀರಬಾರದು. ಬೀಜ ಉಳಿಸಲು ಹೋಗಿ ತೆಳುವಾಗಿ ಬಿತ್ತಿದರೆ ಕಾಂಡ ದಪ್ಪವಾಗುತ್ತದೆ, ಒಣಮೇವಿನ ದರ್ಜೆ ಅಲ್ಲೇ ಹೋಯಿತು. ಕಪ್ಪು ಮಣ್ಣಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ, ಬಸಿಗಾಲುವೆ ತೆಗೆಯದೆ ಬಿತ್ತಲೇಬೇಡಿ.

ಮೊದಲ ಕೊಯ್ಲು 55–60 ದಿನಕ್ಕೆ. ಮುಂದಿನವು ಮೊಗ್ಗು ತುಂಬಿ ನೂರಕ್ಕೆ ಹತ್ತು ಗಿಡ ಹೂಬಿಡುವ ಹೊತ್ತಿಗೆ. ಒಂದು ವಾರ ತಡಮಾಡಿದರೆ ತೂಕ ಹೆಚ್ಚುತ್ತದೆ, ಆದರೆ ದನ ಕಾಂಡ ಬಿಟ್ಟು ಎಲೆ ಮಾತ್ರ ತಿನ್ನುತ್ತದೆ. ಕೊಯ್ಲಿಗೆ 5–6 ದಿನ ಮೊದಲೇ ನೀರು ನಿಲ್ಲಿಸಿ; ಒದ್ದೆ ನೆಲದ ಮೇಲೆ ಬಿದ್ದ ಮೇವು ಅಡಿಯಿಂದ ಕಪ್ಪಾಗುತ್ತದೆ. ತೆಳುವಾಗಿ ಹರಡಿ, ಮಾರನೇ ದಿನ ಬೆಳಗ್ಗೆ ಇಬ್ಬನಿ ಆರುವ ಮೊದಲು ಮಗುಚಿ. ಮಧ್ಯಾಹ್ನದ ಬಿಸಿಲಲ್ಲಿ ಮಗುಚಿದರೆ ಎಲೆ ಹೊಲದಲ್ಲೇ ಉಳಿಯುತ್ತದೆ. ಕಾಂಡವನ್ನು ಉಗುರಿಂದ ಕೆರೆದು ನೋಡಿ: ಸಿಪ್ಪೆ ಎದ್ದು ಬಂದರೆ ಇನ್ನೂ ಹಸಿ. ತೇವ 15–18 ಶೇಕಡಾಕ್ಕೆ ಇಳಿದ ಮೇಲೆ ಬೇಲ್ ಕಟ್ಟಬೇಕು. 20 ದಾಟಿದ್ದರೆ ಒಳಗೆ ಕಾವು ಹುಟ್ಟಿ ಬೂಷ್ಟು ಹಿಡಿಯುತ್ತದೆ. ಪುಣೆ, ಮುಂಬೈಯ ಕುದುರೆ ಲಾಯಗಳಿಗೆ ಮಾರುವವರು ಇದರಲ್ಲಿ ರಾಜಿಯಾಗಲೇಬಾರದು, ಬೂಷ್ಟಿನ ದೂಳು ಕುದುರೆಯ ಶ್ವಾಸಕ್ಕೆ ನೇರ ಏಟು. ನಾಲ್ಕೂವರೆಯಿಂದ ಐದು ಕಿಲೋ ಹಸಿಗೆ ಒಂದು ಕಿಲೋ ಒಣಮೇವು ಅಂತ ಲೆಕ್ಕ ಹಿಡಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿಸುವ ಆಸೆ ಬಿಟ್ಟು ಹಸಿಯಾಗಿಯೇ ಬಳಸಿ, ಜೊತೆಗೆ ಒಣ ಜೋಳದ ಸೊಪ್ಪೆ (ಇಲ್ಲಿನವರ ಕಡಬಾ) ಕೊಡಿ, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ.

ಮೂರನೇ ವರ್ಷದಿಂದ ಗಿಡ ವಿರಳವಾಗುವುದು ಈ ತಳಿಯಲ್ಲೂ ತಪ್ಪದು. ಸಂದಿಗೆ ಹೊಸ ಬೀಜ ಹಾಕಿದರೆ ಏಳುವುದಿಲ್ಲ, ಹಳೆಯ ಗಿಡ ಬಿಡುವ ವಿಷವೇ ಸಸಿಯನ್ನು ತಡೆಯುತ್ತದೆ. ಕಿತ್ತು ಒಂದು ವರ್ಷ ಜೋಳವೋ ಗೋವಿನಜೋಳವೋ ಬೆಳೆದು, ಆಮೇಲೆ ಅದೇ ನೆಲಕ್ಕೆ ಬನ್ನಿ.