ಮೆರಿನೊ, ಚಳ್ಳಕೆರೆಯ ಕರಿ ಉಣ್ಣೆ, ಅಪ್ಪನ ಸ್ವೆಟರ್: ಫೆಲ್ಟ್ ಮಾಡಿ ನೋಡಿದ ಆರು ತಿಂಗಳು

ನಮ್ಮ ಊಟದ ಟೇಬಲ್ ಮೇಲೆ ಕುಕ್ಕರ್ ತಳದ ಅಳತೆಯ ಒಂದು ಬಿಳಿ ಉಂಗುರ ಇದೆ. ಬಿಸಿ ಕುಕ್ಕರ್ ತಂದು ಇಟ್ಟವಳು ನಾನೇ. ಆಮೇಲೆ ಒಂದು ದಪ್ಪನೆಯ ಸಿಂಬಿ ಬೇಕು ಅಂತ ಹುಡುಕುತ್ತಾ ಹೋಗಿ ಫೆಲ್ಟ್‌ಗೆ ಬಿದ್ದೆ. ಈಗ ಮನೆಯಲ್ಲಿ ಸಿಂಬಿ ಮಾತ್ರ ಅಲ್ಲ, ಮೊಬೈಲ್ ಚೀಲ, ಕನ್ನಡಕದ ಚೀಲ, ಚಪ್ಪಲಿ, ಸೋಪಿನ ಕವಚ, ಕೀ ಗೊಂಚಲಿಗೆ ಒಂದು ಕುರಿಮರಿ ಎಲ್ಲಾ ಇವೆ. ಅರ್ಧಕ್ಕೆ ಕೈಬಿಟ್ಟವೂ ಒಂದು ಬುಟ್ಟಿ ಇವೆ.

ಫೆಲ್ಟ್ ಅಂದರೆ ನೇಯದೆ, ಹೆಣೆಯದೆ ಮಾಡಿದ ಉಣ್ಣೆ ಬಟ್ಟೆ. ಕಾಶ್ಮೀರದ ನಮ್ದಾ ಹಾಸು ನೋಡಿದ್ದರೆ ಅದೇ. ಉಣ್ಣೆಯ ಪ್ರತಿ ಎಳೆಯ ಮೇಲೂ ಹೆಂಚು ಹೊದಿಸಿದ ಹಾಗೆ ಸಣ್ಣ ಸಣ್ಣ ಪದರ ಇರುತ್ತೆ. ಬಿಸಿನೀರು, ಸೋಪು ಹಾಕಿ ಉಜ್ಜಿದರೆ ಎಳೆಗಳು ಒಂದರೊಳಗೊಂದು ಸರಿದು ಸಿಕ್ಕಿಕೊಳ್ಳುತ್ತವೆ, ವಾಪಸ್ ಬರುವುದಿಲ್ಲ. ಇನ್ನೊಂದು ದಾರಿ ಸೂಜಿ. ಅದರ ಮೈಗೆ ಸಣ್ಣ ಕಚ್ಚುಗಳಿರುತ್ತವೆ. ಒಣ ಉಣ್ಣೆಗೆ ಚುಚ್ಚುತ್ತಾ ಹೋದರೆ ಎಳೆಗಳನ್ನು ಒಳಕ್ಕೆ ತಳ್ಳಿ ಗಟ್ಟಿ ಮಾಡುತ್ತೆ.

ಮೊದಲ ಸೋಲು ಹೇಳಿಬಿಡುತ್ತೇನೆ. ಫ್ಯಾನ್ಸಿ ಸ್ಟೋರಿನಿಂದ ‘ಉಲ್ಲನ್’ ತಂದು, ಕ್ರೋಶಾದಲ್ಲಿ ನಾಲ್ಕು ಚೌಕ ಹಾಕಿ, ಬಿಸಿನೀರಿನಲ್ಲಿ ಒಂದು ಗಂಟೆ ಉಜ್ಜಿದೆ. ಕೈ ಕೆಂಪಾಯಿತು, ಚೌಕ ಒಂದಿಷ್ಟೂ ಕುಗ್ಗಲಿಲ್ಲ. ನಮ್ಮಲ್ಲಿ ಆ ಹೆಸರಿನಲ್ಲಿ ಸಿಗುವ ದಾರ ಬಹುಪಾಲು ಅಕ್ರಿಲಿಕ್. ಒಂದು ತುಂಡು ಸುಟ್ಟು ನೋಡಿ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತೆ. ಈ ಪರೀಕ್ಷೆಯನ್ನು ಮೊದಲೇ ಮಾಡಬಹುದಿತ್ತು, ಮಾಡಲಿಲ್ಲ.

ಆಮೇಲೆ ನಿಜವಾದ ಉಣ್ಣೆಯನ್ನೇ ಮೂರು ಕಡೆಯಿಂದ ತಂದೆ. ಆನ್‌ಲೈನ್‌ನಲ್ಲಿ 100 ಗ್ರಾಂ ಮೆರಿನೊ (ಆ ಹೆಸರಿನ ಕುರಿ ತಳಿಯ ನಯವಾದ ಉಣ್ಣೆ), ಕೊರಿಯರ್ ಸೇರಿ 480 ರೂಪಾಯಿ. ಚಳ್ಳಕೆರೆ ಹತ್ತಿರ ಚಿಕ್ಕಮ್ಮನ ಊರಿನಿಂದ ಒಂದು ಚೀಲ ಕರಿ ಕುರಿ ಉಣ್ಣೆ. ಜೊತೆಗೆ ಅಪ್ಪನ ಎರಡು ಹಳೇ ಸ್ವೆಟರ್.

ಕರಿ ಉಣ್ಣೆಗೆ ನಾನು ದುಡ್ಡು ಕೊಡಲು ಹೋದರೆ ಕುರಿ ಕಾಯುವ ಅಜ್ಜ ತೆಗೆದುಕೊಳ್ಳಲಿಲ್ಲ. "ಮಾರೋಕೆ ಹೋದ್ರೆ ಕತ್ತರಿಸಿದ ಕೂಲಿನೂ ಹುಟ್ಟಲ್ಲ ಕಣಮ್ಮ, ತಗೊಂಡ್ಹೋಗು" ಅಂದರು. ಕಂಬಳಿಗೆ ಹೆಸರಾದ ಸೀಮೆಯಲ್ಲೇ ಈ ಮಾತು. ಬಿಟ್ಟಿ ಸಿಕ್ಕಿತು ಅಂತ ಖುಷಿಯಾಗಬೇಡಿ, ಅದರ ಬೆಲೆ ಬಚ್ಚಲಲ್ಲಿ ತೆರಬೇಕು. ಎರಡು ಕಿಲೋ ತಂದಿದ್ದೆ. ಜಿಡ್ಡು ಅಷ್ಟಿಲ್ಲ, ಮಣ್ಣು ಮಾತ್ರ ಹೇಳತೀರದು. ಐದು ಸಲ ನೆನೆಹಾಕಿದರೂ ನೀರು ಡಿಕಾಕ್ಷನ್ ಬಣ್ಣ. ಉಜ್ಜುವ ಹಾಗೂ ಇಲ್ಲ, ಉಜ್ಜಿದರೆ ಅಲ್ಲೇ ಗಂಟು ಕಟ್ಟುತ್ತೆ. ಬಿಸಿನೀರಿನಲ್ಲಿ ಸುಮ್ನೆ ಮುಳುಗಿಸಿಡಬೇಕು, ಎತ್ತಬೇಕು, ಮತ್ತೆ ಮುಳುಗಿಸಬೇಕು. ಒಣಗಿದ ಮೇಲೆ ಉತ್ತರಾಣಿ ಬೀಜ ಆರಿಸುತ್ತಾ ಒಂದು ಭಾನುವಾರ ಹೋಯಿತು. ಕೊನೆಗೆ ಉಳಿದಿದ್ದು ಒಂದು ಕಿಲೋ ಚಿಲ್ಲರೆ. ಹಿಂಜಲು ನಾಯಿ ಬಾಚುವ ಎರಡು ಬ್ರಷ್ ತಂದೆ. ಚಿಕ್ಕಮ್ಮ ಅವನ್ನು ನೋಡಿ ನಕ್ಕು, ಬೆರಳಲ್ಲೇ ನನಗಿಂತ ಬೇಗ ಹಿಂಜಿ ಹಾಕಿದರು. "ಸಿಂಬಿಗೆ ಇಷ್ಟೆಲ್ಲಾ ಯಾಕೆ? ಹಳೇ ಕಂಬಳಿ ತುಂಡು ಮಡಚಿ ಇಡು" ಅಂತ ಬುದ್ಧಿಯನ್ನೂ ಹೇಳಿದರು. ತಪ್ಪೇನಲ್ಲ. ಅವರ ಮನೆಯ ಕಂಬಳಿ ನೇಯ್ದದ್ದೇ. ಆದರೆ ಇಷ್ಟು ವರ್ಷ ನೆನೆದು, ಒಣಗಿ, ಮೈಗೆ ತಿಕ್ಕಿ ನೂಲಿನ ಎಳೆಯೇ ಕಾಣದಷ್ಟು ದಟ್ಟವಾಗಿದೆ. ಅರ್ಧ ಫೆಲ್ಟ್ ಅದು.

ಹೋಲಿಕೆ ಸರಿಯಾಗಿರಲಿ ಅಂತ ಮೆರಿನೊ, ಕರಿ ಉಣ್ಣೆ ಎರಡಕ್ಕೂ ಒಂದೇ ಅಳತೆ ಇಟ್ಟೆ. 60 ಗ್ರಾಂ ಉಣ್ಣೆ, 40 ಸೆಂಟಿಮೀಟರ್ ಚೌಕ, ಒಂದು ಪದರ ಅಡ್ಡ, ಒಂದು ಉದ್ದ, ಹೀಗೆ ನಾಲ್ಕು ಪದರ. ಸಾದಾ ಬಾರ್ ಸೋಪು ತುರಿದು ಬಿಸಿನೀರಿಗೆ ಹಾಕಿದೆ. ಎಂಜೈಮ್ ಇರುವ ಬಟ್ಟೆ ಪೌಡರ್ ಬೇಡ. ಉಣ್ಣೆ ಪ್ರೋಟೀನ್, ಅದನ್ನೇ ತಿಂದುಹಾಕುತ್ತೆ. ಉಜ್ಜಿದ ಮೇಲೆ ಬಿದಿರಿನ ಚಾಪೆಯಲ್ಲಿ ಲಟ್ಟಣಿಗೆ ಸಮೇತ ಸುತ್ತಿ ಉರುಳಿಸಬೇಕು.

ಮೆರಿನೊ ಇಪ್ಪತ್ತೈದು ನಿಮಿಷಕ್ಕೇ ಚರ್ಮ ಕಟ್ಟಿತು. ಬೆರಳಲ್ಲಿ ಜಿಗುಟಿದರೆ ಎಳೆ ಏಳುವುದಿಲ್ಲ, ಇಡೀ ಹಾಳೆಯೇ ಏಳುತ್ತೆ. ಒಂದು ಗಂಟೆಗೆ 40 ಇದ್ದದ್ದು 26ಕ್ಕೆ ಬಂತು. ಇದು ಕಣ್ಣೆದುರೇ ನಡೆಯುತ್ತೆ, ರೊಟ್ಟಿ ಉಬ್ಬುವುದನ್ನು ನೋಡಿದ ಹಾಗೆ ಖುಷಿ. ಕರಿ ಉಣ್ಣೆ ಒಂದೂವರೆ ಗಂಟೆ ಉಜ್ಜಿದರೂ 35ಕ್ಕೆ ನಿಂತಿತು. ಎತ್ತಿ ಹಿಡಿದರೆ ಮೂಲೆ ಕಿತ್ತು ಬಂತು. ಕಾರಣ ಎಳೆಯಲ್ಲೇ ಇದೆ. ಮೆರಿನೊ ಎಳೆಯ ದಪ್ಪ ಸಾಮಾನ್ಯವಾಗಿ 24 ಮೈಕ್ರಾನ್ ಒಳಗೆ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು). ಕರಿ ಉಣ್ಣೆಯ ನಮ್ಮ ದಖ್ಖನಿ ಕುರಿಯದ್ದು 30 ದಾಟುತ್ತೆ, ನಡುವೆ ಟೊಳ್ಳು ಕೂದಲಿನಂಥವೂ ಬೆರೆತಿರುತ್ತವೆ. ಸಣ್ಣ ಎಳೆ ಬಳುಕಿ ಸಿಕ್ಕಿಕೊಳ್ಳುತ್ತೆ. ದಪ್ಪ ಎಳೆ ಸೆಟೆದುಕೊಂಡು ನಿಲ್ಲುತ್ತೆ.

ಅಲ್ಲಿಗೇ ಮೆರಿನೊ ಗೆದ್ದಿತು ಅಂತ ಬರೆದುಬಿಡುತ್ತಿದ್ದೆ. ಸೂಜಿ ಹಿಡಿದ ಮೇಲೆ ಲೆಕ್ಕ ತಿರುಗಿತು. ಕುರಿಮರಿ ಮಾಡಲು ಮೆರಿನೊ ಉಂಡೆಗೆ ಎಷ್ಟು ಚುಚ್ಚಿದರೂ ಒಳಗೆ ಮೆತ್ತಗೆ, ಮೇಲೆ ಸೂಜಿ ತೂತುಗಳು. ಕರಿ ಉಣ್ಣೆಯಲ್ಲಿ ಇಪ್ಪತ್ತು ನಿಮಿಷಕ್ಕೇ ಗಟ್ಟಿ ಉಂಡೆ, ಕಾಲು ಕಿವಿ ನಿಂತ ಕಡೆ ನಿಂತವು. 36 ನಂಬರಿನ ದಪ್ಪ ಸೂಜಿಯಲ್ಲಿ ಆಕಾರ ತಂದು, ಕೊನೆಗೆ 40ರ ಸಣ್ಣ ಸೂಜಿಯಲ್ಲಿ ಮೇಲ್ಮೈ ನಯ ಮಾಡಿದೆ. ಚುಚ್ಚಿದ ಕೋನದಲ್ಲೇ ಎಳೆಯಬೇಕು. ಓರೆ ಮಾಡಿದರೆ ತುದಿ ಮುರಿದು ಒಳಗೇ ಉಳಿಯುತ್ತೆ. ನನ್ನದು ಮೂರು ಮುರಿದವು, ಹೆಬ್ಬೆರಳಿಗೆ ಎರಡು ಸಲ ಇಳಿಯಿತು. ಮಕ್ಕಳ ಕೈಗೆ ಕೊಡುವ ಕೆಲಸ ಅಲ್ಲ.

ಆಮೇಲೆ ಎರಡನ್ನೂ ಬೆರೆಸಿದೆ. 40 ಗ್ರಾಂ ಕರಿ ಉಣ್ಣೆ, ಪದರಗಳ ನಡುವೆ ತೆಳ್ಳಗೆ 20 ಗ್ರಾಂ ಮೆರಿನೊ. ಇದು 30 ಸೆಂಟಿಮೀಟರ್‌ಗೆ ಕುಗ್ಗಿ ಗಟ್ಟಿಯಾಯಿತು. ಮೆರಿನೊ ಅಂಟಿನ ಕೆಲಸ ಮಾಡುತ್ತೆ, ಕರಿ ಉಣ್ಣೆ ಮೈಯಾಗುತ್ತೆ. ನಾನು ಹುಡುಕುತ್ತಿದ್ದ ಸಿಂಬಿ ಇದೇ. ಕುಕ್ಕರ್ ಭಾರಕ್ಕೆ ಚಪ್ಪಟೆಯಾಗುವುದಿಲ್ಲ, ಎತ್ತಿದರೆ ಮತ್ತೆ ಉಬ್ಬುತ್ತೆ. ಮಸಿ ಕಾಣುವುದಿಲ್ಲ. ಉಣ್ಣೆ ಸುಲಭಕ್ಕೆ ಬೆಂಕಿ ಹಿಡಿಯುವುದಿಲ್ಲ, ಕರಗಿ ಅಂಟುವುದೂ ಇಲ್ಲ. ಬರೀ ಮೆರಿನೊದ ಬಿಳಿ ಸಿಂಬಿ ಎರಡು ತಿಂಗಳಲ್ಲಿ ಅರಿಶಿನದ ಕಲೆ ಹತ್ತಿ, ಮೇಲೆ ಉಂಡೆ ಉಂಡೆ ಎದ್ದು, ಅತಿಥಿಗಳ ಮುಂದೆ ಇಡಲಾಗದಂತಾಗಿದೆ. ದೂರು ಒಂದೇ: ಕರಿ ಸಿಂಬಿ ನೆನೆದರೆ ಅಡುಗೆಮನೆ ತುಂಬಾ ಕುರಿಹಟ್ಟಿ ವಾಸನೆ. ಬಿಸಿಲಿಗೆ ಹಾಕಿದರೆ ಹೋಗುತ್ತೆ. ಮಳೆಗಾಲದಲ್ಲಿ ಬಿಸಿಲು ಎಲ್ಲಿ?

ಮೈಗೆ ತಾಗುವ ವಸ್ತುಗಳಲ್ಲಿ ಚರ್ಚೆಯೇ ಇಲ್ಲ, ಮೆರಿನೊನೇ. ಕರಿ ಉಣ್ಣೆಯ ಕುತ್ತಿಗೆ ಪಟ್ಟಿಯನ್ನು ಐದು ನಿಮಿಷ ಹಾಕಿಕೊಂಡು ಕಿತ್ತೆಸೆದೆ. ಸ್ನಾನದ ಸೋಪಿನ ಸುತ್ತ ಹೊದಿಸುವ ಫೆಲ್ಟ್ ಕವಚದಲ್ಲಿ ಮಾತ್ರ ಮನೆಯಲ್ಲಿ ಎರಡು ಪಕ್ಷ. ನನಗೆ ಮೆರಿನೊ. ನಮ್ಮವರಿಗೆ ಹಿಮ್ಮಡಿ ಉಜ್ಜಲು ಬೆರಕೆ ಉಣ್ಣೆಯದೇ ಬೇಕು.

ಇನ್ನು ಅಪ್ಪನ ಸ್ವೆಟರ್. ಎರಡರ ಮೇಲೂ ಪೂರ್ತಿ ಉಣ್ಣೆ ಅಂತ ಪಟ್ಟಿ ಇತ್ತು. ಎರಡು ಜೀನ್ಸ್ ಜೊತೆ 60 ಡಿಗ್ರಿಯಲ್ಲಿ ವಾಷಿಂಗ್ ಮಷಿನ್‌ಗೆ ಹಾಕಿದೆ. ಬೂದು ಬಣ್ಣದ್ದು ಮಗುವಿನ ಸ್ವೆಟರ್ ಆಗಿ ಬಂತು, ಹೆಣಿಗೆಯೇ ಕಾಣದಷ್ಟು ದಟ್ಟ. ನೀಲಿಯದ್ದು ಹಾಕಿದ ಹಾಗೇ ವಾಪಸ್. ಪಟ್ಟಿಯ ಹಿಂದೆ ನೋಡಿದರೆ ಮಷಿನ್‌ನಲ್ಲಿ ಒಗೆಯಬಹುದು ಅಂತ ಇದೆ. ಅಂಥ ಉಣ್ಣೆಯ ಪದರಗಳನ್ನು ಕಾರ್ಖಾನೆಯಲ್ಲೇ ಸವೆಸಿ ಅಥವಾ ಮುಚ್ಚಿಬಿಟ್ಟಿರುತ್ತಾರೆ, ಅದು ಫೆಲ್ಟ್ ಆಗುವುದಿಲ್ಲ. ಬೂದು ಸ್ವೆಟರನ್ನು ಕತ್ತರಿಸಿದರೆ ಅಂಚು ಬಿಚ್ಚಿಕೊಳ್ಳಲಿಲ್ಲ. ಒಂದು ಮಧ್ಯಾಹ್ನದಲ್ಲಿ ಮೊಬೈಲ್ ಚೀಲ, ಕನ್ನಡಕದ ಚೀಲ, ಮಸಿಬಟ್ಟೆ ಬದಲಿಗೆ ಬಿಸಿ ಪಾತ್ರೆ ಹಿಡಿಯಲು ಎರಡು ದಪ್ಪ ತುಂಡು. ಖರ್ಚು ಸೊನ್ನೆ, ಬೆನ್ನು ನೋವೂ ಇಲ್ಲ. ಮೊದಲ ಸಲ ಮಾಡುವವರು ಇಲ್ಲಿಂದಲೇ ಶುರು ಮಾಡಿ. ಆದರೆ ಆಕಾರ ನಿಮ್ಮ ಕೈಯಲ್ಲಿರುವುದಿಲ್ಲ, ಸ್ವೆಟರ್ ಎಷ್ಟಿದೆಯೋ ಅಷ್ಟೇ. ಜೊತೆಗೆ, ಮಷಿನ್ ಫಿಲ್ಟರ್ ತೆಗೆದು ನೋಡಿ. ಆ ಉಣ್ಣೆ ಜೂಲು ಪೈಪ್ ಕಟ್ಟಿಸುತ್ತೆ. ಉಣ್ಣೆಯನ್ನು ಹಳೇ ದಿಂಬಿನ ಕವರ್‌ನಲ್ಲಿ ಕಟ್ಟಿ ಹಾಕುವುದನ್ನು ನಾನು ಕಲಿತದ್ದು ಪ್ಲಂಬರ್ ಬಂದು ಹೋದ ಮೇಲೆ.

ಚಪ್ಪಲಿಯ ಪಂದ್ಯ ಇನ್ನೂ ಮುಗಿದಿಲ್ಲ. ಬರೀ ಮೆರಿನೊದ ಜೋಡಿ ನಮ್ಮ ರೆಡ್ ಆಕ್ಸೈಡ್ ನೆಲದ ಮೇಲೆ ಮೂರು ವಾರಕ್ಕೆ ಅಡಿ ಸವೆಯಿತು. ಈಗಿನ ಜೋಡಿಯ ಒಳಗೆ ಮೆರಿನೊ. ಎಡಗಾಲಿನ ಅಡಿಗೆ ಸೂಜಿಯಲ್ಲಿ ಚುಚ್ಚಿ ಹತ್ತಿಸಿದ ಬರೀ ಕರಿ ಉಣ್ಣೆ, ಬಲಗಾಲಿನ ಅಡಿಗೆ ನೀರಿನಲ್ಲಿ ಫೆಲ್ಟ್ ಮಾಡಿದ ಬೆರಕೆ. ಏಳನೇ ವಾರ ನಡೆಯುತ್ತಿದೆ. ಎಡಗಾಲು ಹಿಮ್ಮಡಿ ಹತ್ತಿರ ಎಳೆ ಬಿಡಲು ಶುರು ಮಾಡಿದೆ. ಬಲಗಾಲು ಇನ್ನೂ ಗಟ್ಟಿ, ಗುಡಿಸಿದ ಕಸವನ್ನೆಲ್ಲಾ ಮೆತ್ತಿಕೊಂಡು ಓಡಾಡುತ್ತಿದೆ.